ವಾಂತಿಭೇದಿ ಕಂಡ ಊರಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವ ಬಗೆ

ಅಕ್ಕಿ ತೊಳೆದ ನೀರಿನಂಥ ಭೇದಿ, ಜೊತೆಗೆ ವಾಂತಿ. ಒಂದೇ ಬಾವಿಯ ನೀರು ಕುಡಿಯುವ ಎರಡು ಮನೆಗಳಲ್ಲಿ ಹೀಗಾದರೆ ಕಾಲರಾ ಎಂದೇ ಶಂಕಿಸಿ, ಪ್ರಯೋಗಾಲಯದ ವರದಿಗೆ ಕಾಯಬೇಡಿ. ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಅಂದೇ ಬಾವಿಯ ಕೆಲಸ ಶುರು ಮಾಡಿ. ಕಾಲರಾ ರೋಗಾಣು ಮಲದಿಂದ ನೀರಿಗೆ, ನೀರಿನಿಂದ ಹೊಟ್ಟೆಗೆ ಸೇರುತ್ತದೆ. ಕೆಲವು ಗಂಟೆಗಳಿಂದ ಐದು ದಿನಗಳೊಳಗೆ ಕಾಯಿಲೆ ಕಾಣಿಸುತ್ತದೆ. ಸೋಂಕು ತಗುಲಿದ ಬಹುತೇಕರು ಆರಾಮಾಗಿಯೇ ಓಡಾಡಿಕೊಂಡಿದ್ದು ರೋಗಾಣು ಹರಡುತ್ತಿರುತ್ತಾರೆ. ಆದ್ದರಿಂದ ರೋಗಿಯ ಮನೆಯವರನ್ನು ದೂರವಿಟ್ಟು ಪ್ರಯೋಜನವಿಲ್ಲ, ಅದು ಅನ್ಯಾಯ ಕೂಡ.

ಮೊದಲು ಬಾವಿಯ ನೀರು ಎಷ್ಟಿದೆ ನೋಡಿ. ವ್ಯಾಸವನ್ನೂ ನೀರಿನ ಆಳವನ್ನೂ ಮೀಟರಿನಲ್ಲಿ ಅಳೆದು, ವ್ಯಾಸ × ವ್ಯಾಸ × ಆಳ × 785 ಮಾಡಿದರೆ ಲೀಟರ್ ಲೆಕ್ಕ ಸಿಗುತ್ತದೆ. 3 ಮೀಟರ್ ಅಗಲದ ಬಾವಿಯಲ್ಲಿ 4 ಮೀಟರ್ ನೀರಿದ್ದರೆ 28,260 ಲೀಟರ್. ಸಾವಿರ ಲೀಟರಿಗೆ 2.5 ಗ್ರಾಂನಂತೆ ಸುಮಾರು 70 ಗ್ರಾಂ ಪೌಡರ್ ಬೇಕು. ಇದು ಶೇ 33ರಷ್ಟು ಕ್ಲೋರಿನ್ ಇರುವ ಹೊಸ ಪೌಡರಿನ ಲೆಕ್ಕ. ಬಾಯಿ ಬಿಚ್ಚಿಟ್ಟ ಚೀಲದ ಪೌಡರ್ ಗಾಳಿಗೆ, ತೇವಕ್ಕೆ ಸತ್ವ ಕಳೆದುಕೊಂಡಿರುತ್ತದೆ; ಮಳೆಗಾಲದ ಕೆಸರು ನೀರು ಕ್ಲೋರಿನ್ ಅನ್ನು ತಾನೇ ನುಂಗಿಬಿಡುತ್ತದೆ. ಹೆಚ್ಚಿನ ಕಡೆ ಕೆಲಸ ಕೆಡುವುದು ಇಲ್ಲೇ.

ಪೌಡರನ್ನು ಬಾವಿಗೆ ನೇರವಾಗಿ ಸುರಿಯಲೇಬೇಡಿ. ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ತೆಳುವಾಗಿ ಕಲಸಿ, ಮುಕ್ಕಾಲು ಬಕೆಟ್ ಆಗುವಷ್ಟು ನೀರು ಸೇರಿಸಿ ಕದಡಿ. ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಹಗ್ಗ ಕಟ್ಟಿ ನೀರಿನೊಳಗೆ ಇಳಿಸಿ, ಮೇಲೆ ಕೆಳಗೆ, ಆಚೀಚೆ ಎಳೆದಾಡಿ. ಗಸಿ ಬಾವಿಗೆ ಬೀಳಬಾರದು, ಬಿದ್ದರೆ ನೀರು ಗಡಸಾಗುತ್ತದೆ.

ಒಂದು ಗಂಟೆ ಯಾರೂ ನೀರು ಸೇದದಂತೆ ನೋಡಿಕೊಂಡು, ನಂತರ ಕ್ಲೋರೋಸ್ಕೋಪಿನಲ್ಲಿ (ನೀರಿನಲ್ಲಿ ಉಳಿದ ಕ್ಲೋರಿನ್ ಅಳೆಯುವ ಸಾಧನ) ಪರೀಕ್ಷಿಸಿ. ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಕಡಿಮೆಯಿದ್ದರೆ ಮತ್ತೆ ತಿಳಿ ಹಾಕಿ, ಮತ್ತೆ ಒಂದು ಗಂಟೆ ಕಾಯಿರಿ. ವಾಸನೆ ಬಂತೆಂದು ಸುಮ್ಮನಾಗುವ ನೀರುಗಂಟಿಗಳಿದ್ದಾರೆ, ಮೂಗು ಅಳತೆಗೋಲಲ್ಲ. ರೋಗ ಹರಡುತ್ತಿರುವಷ್ಟು ದಿನವೂ, ಜನ ನೀರು ಸೇದಿ ಮುಗಿಸಿದ ಮೇಲೆ ರಾತ್ರಿ ಈ ಕೆಲಸ ಆಗಬೇಕು.

ರೋಗಿಯ ಬಟ್ಟೆಯನ್ನು ಬಾವಿಕಟ್ಟೆಯ ಮೇಲೆ ಒಗೆಯಬೇಡಿ. ಭೇದಿ ಶುರುವಾದ ಕೂಡಲೇ ಒಂದು ಲೀಟರ್ ಶುದ್ಧ ನೀರಿಗೆ ಒಂದು ದೊಡ್ಡ ಓಆರ್‌ಎಸ್ ಪೊಟ್ಟಣ ಪೂರ್ತಿ ಕಲಸಿ ಗುಟುಕು ಗುಟುಕಾಗಿ ಕುಡಿಸುತ್ತಿರಿ. ಪೊಟ್ಟಣ ಸಿಗದಿದ್ದರೆ ಲೀಟರಿಗೆ ಆರು ಸಮತಟ್ಟು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಕಣ್ಣು ಗುಳಿ ಬಿದ್ದರೆ, ಮೂತ್ರ ನಿಂತರೆ ಡ್ರಿಪ್ ಬೇಕು, ಆಸ್ಪತ್ರೆಗೆ ಹೊರಡಿ. ದಾರಿಯಲ್ಲೂ ಕುಡಿಸುವುದನ್ನು ನಿಲ್ಲಿಸಬೇಡಿ.