ನಮ್ಮ ದಾಲ್ ಮಿಲ್ಲಿಗೆ ಐಎಸ್‌ಒ ಬಂದ ಕಥೆ

ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಕ್ವಾಲಿಟಿ ಕೆಲಸ ನನ್ನದು. ಐಎಸ್‌ಒ 9001 (ಕೆಲಸದ ಪದ್ಧತಿ ನೋಡಿ ಕೊಡುವ ಗುಣಮಟ್ಟದ ಸರ್ಟಿಫಿಕೇಟ್) ಬಂದಾಗಿನಿಂದ, ಗಂಜ್‌ನಲ್ಲಿ ಚಹಾಕ್ಕೆ ನಿಂತರೂ ಯಾರಾದರೂ ಕೇಳುತ್ತಾರೆ, "ಎಷ್ಟು ಕೊಟ್ರ ಸಿಗ್ತದ್ರಿ?" ಸುಮ್ನೆ ದುಡ್ಡು ಕೊಟ್ಟರೆ ಸಿಗುವಂಥದ್ದೂ ಇದೆ, ಅದು ಬರೀ ಕಾಗದ. ಐಎಸ್‌ಒ ಸಂಸ್ಥೆ ನಿಯಮ ಬರೆಯುತ್ತದೆ ಅಷ್ಟೇ, ಸರ್ಟಿಫಿಕೇಟ್ ಕೊಡುವವರು ಬೇರೆ. ಅವರಿಗೆ ಎನ್‌ಎಬಿಸಿಬಿಯಂಥ ಕಡೆಯಿಂದ, ಅಂದರೆ ಸರ್ಟಿಫಿಕೇಟ್ ಕೊಡುವವರನ್ನೇ ಪರೀಕ್ಷಿಸುವ ಸಂಸ್ಥೆಯಿಂದ, ಮಾನ್ಯತೆ ಇದೆಯಾ ಅಂತ ಮೊದಲು ನೋಡಿ.

ಕೆಲಸದ ಪದ್ಧತಿಯೆಲ್ಲ ಬರೆದಿಟ್ಟ ದಪ್ಪ ಮ್ಯಾನುಯಲ್ ಬೇಕಾ? ಈ ನಿಯಮದ 2015ರ ಆವೃತ್ತಿಯಲ್ಲಿ ಕಡ್ಡಾಯ ಅಲ್ಲ. ಗೊತ್ತಿಲ್ಲದೆ ನಾನು ಎರಡು ತಿಂಗಳು ಕೂತು ಬರೆದೆ, ಯಾರೂ ಓದಲಿಲ್ಲ.

ಪೆಟ್ಟು ಬಿದ್ದದ್ದು ತೊಗರಿಯ ತೇವಾಂಶ ಶೇಕಡಾ ಎಷ್ಟು ಅಂತ ದಿನಾ ಬರೆದಿಡುವ ರಿಜಿಸ್ಟರಿನಲ್ಲಿ. ಸರ್ಟಿಫಿಕೇಟ್ ಕೊಡುವವರ ಕಡೆಯಿಂದ ಪರಿಶೀಲನೆಗೆ ಬಂದ ಆಡಿಟರ್ ಹಾಳೆ ತಿರುವಿದರು. ಇಡೀ ತಿಂಗಳು 10.5, 10.5, 10.5. ಒಂದೇ ಪೆನ್ನು, ಒಂದೇ ಕೈಬರಹ, ಮಿಲ್ ಬಂದ್ ಇದ್ದ ಅಮಾವಾಸ್ಯೆ ದಿನವೂ ಸೇರಿ! ಆಮೇಲೆ ತೇವಾಂಶ ಅಳೆಯುವ ಮೀಟರ್ ಹತ್ತಿರ ನಿಂತಿದ್ದ ನಮ್ಮ ಹಿರಿಯ ಕೆಲಸಗಾರರನ್ನು ಕೇಳಿದರು, "ಕಾಕಾ, ಇದು ಸರಿ ತೋರಿಸ್ತದ ಅಂತ ಹ್ಯಾಂಗ ಗೊತ್ತು?" ಕಾಕಾ ಒಂದು ತೊಗರಿ ಕಾಳು ತೆಗೆದು ಹಲ್ಲಲ್ಲಿ ಕಟ್ ಅಂತ ಕಡಿದರು. "ಹಿಂಗ ನೋಡ್ತೀವ್ರಿ ಸಾಹೇಬ್ರ. ಮಷಿನ್ ಸುಮ್ನ ಇಟ್ಟೀವಿ." ಮೀಟರಿನ ಕ್ಯಾಲಿಬ್ರೇಷನ್ (ಸರಿ ತೋರಿಸುತ್ತದಾ ಅಂತ ಮಾಡಿಸುವ ಪರೀಕ್ಷೆ) ಅವಧಿ ಮುಗಿದು ಏಳು ತಿಂಗಳಾಗಿತ್ತು, ಅದೂ ಸಿಕ್ಕಿಬಿತ್ತು.

"ಇನ್ನು ಮುಂದೆ ಸರಿಯಾಗಿ ಬರೆಯುತ್ತೇವೆ" ಅಂತ ಆಡಿಟರಿಗೆ ಉತ್ತರ ಕಳಿಸಿದೆ. ವಾಪಸ್ ಬಂತು, ಯಾಕೆ ಹೀಗಾಯಿತು ಅಂತ ಬರೆಯಿರಿ ಅಂದರು. ಹುಡುಕಿದರೆ ಕಾರಣ ಬಹಳ ಸಣ್ಣದು. ಮೀಟರ್ ಒಣಗಿಸುವ ಅಂಗಳದಲ್ಲಿ, ರಿಜಿಸ್ಟರ್ ಆಫೀಸಿನ ಕಪಾಟಿನಲ್ಲಿ, ಫಾರಂ ಇಂಗ್ಲಿಷಿನಲ್ಲಿ. ಕಾಕಾ ಬರೆಯುತ್ತಲೇ ಇರಲಿಲ್ಲ, ತಿಂಗಳ ಕೊನೆಗೆ ಗುಮಾಸ್ತ ತುಂಬುತ್ತಿದ್ದ. ಮೀಟರನ್ನು ಕ್ಯಾಲಿಬ್ರೇಷನ್‌ಗೆ ಕಳಿಸಿ, ಕನ್ನಡದಲ್ಲಿ ಫಾರಂ ಮಾಡಿ, ದಾರ ಕಟ್ಟಿ ಮೀಟರ್ ಪಕ್ಕದಲ್ಲೇ ನೇತು ಹಾಕಿದೆ. ಇಂಗ್ಲಿಷೇ ಬೇಕು ಅಂತ ಎಲ್ಲೂ ಇಲ್ಲ, ಇದನ್ನು ನಮ್ಮ ಕನ್ಸಲ್ಟೆಂಟ್ ಹೇಳಬೇಕಿತ್ತು ಅಲ್ವಾ? ಈಗ 9.8 ಬರುತ್ತದೆ, 11.2 ಬರುತ್ತದೆ, ಹಾಳೆ ತುಂಬ ಎಣ್ಣೆಗೈ ಗುರುತು. ಕಾಕಾ ಹಲ್ಲು ಜಾಸ್ತಿ ಏನೂ ತಪ್ಪಿರಲಿಲ್ಲ ಅನ್ನಿ.

ಸರ್ಟಿಫಿಕೇಟ್ 3 ವರ್ಷಕ್ಕೆ, ನಡುವೆ ವರ್ಷಕ್ಕೊಮ್ಮೆ ಬಂದು ನೋಡುತ್ತಾರೆ. ಅದಿದ್ದರೆ ಬೇಳೆ ಒಳ್ಳೆಯದು ಅಂತನಾ? ಅಲ್ಲ. ಅದು ಕೆಲಸದ ಪದ್ಧತಿಗೆ ಕೊಟ್ಟದ್ದು, ಬೇಳೆಗಲ್ಲ. ಬೇಳೆಯ ಗುಣಮಟ್ಟಕ್ಕೆ ಅಗ್‌ಮಾರ್ಕ್ ಮುದ್ರೆ ಬೇರೆ, ಆಹಾರ ಸುರಕ್ಷತೆಗೆ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಬೇರೆ. ಹಾಗಾಗಿ ಬೇಳೆಗೇ ಕೊಟ್ಟ ಹಾಗೆ ಕಾಣುವ ಮುದ್ರೆ ಚೀಲದ ಮೇಲೆ ಹಾಕುವಂತಿಲ್ಲ. ನಮ್ಮ ಸಾವ್ಕಾರರು ಖುಷಿಯಲ್ಲಿ ನನ್ನನ್ನು ಕೇಳದೆ ದೊಡ್ಡ ಅಕ್ಷರದಲ್ಲಿ ಐಎಸ್‌ಒ ಅಂತ ಚೀಲ ಅಚ್ಚು ಹಾಕಿಸಿಬಿಟ್ಟಿದ್ದರು. ಈಗ ಅವನ್ನು ಒಳಗಿನದು ಹೊರಗೆ ಮಾಡಿ ಹೊಟ್ಟು ತುಂಬುತ್ತಿದ್ದೇವೆ.