ಕನ್ನಡಿಯಲ್ಲಿರುವ ಪಾಪು ತಾನೇ ಅಂತ ಮಗುವಿಗೆ ಗೊತ್ತಾಗಿದೆಯಾ? ಮನೆಯಲ್ಲೇ ನೋಡಿ

ಹತ್ತು ತಿಂಗಳಿದ್ದಾಗ ನನ್ನ ಮೊಮ್ಮಗ ಬೀರುವಿನ ಕನ್ನಡಿಗೆ ಮುತ್ತು ಕೊಡುತ್ತಿದ್ದ. ಬಾಗಿಲು ತೆರೆದಿದ್ದರೆ ಅಂಬೆಗಾಲಿಟ್ಟು ಹಿಂದೆ ಹೋಗಿ ಆ ಪಾಪುವನ್ನು ಹುಡುಕುತ್ತಿದ್ದ. ಅದು ತಾನೇ ಅಂತ ಯಾವಾಗ ಗೊತ್ತಾಗುತ್ತದೆ? 1972ರಲ್ಲಿ ಬ್ಯೂಲಾ ಆಮ್‌ಸ್ಟರ್ಡಾಮ್ ಎಂಬ ಸಂಶೋಧಕಿ ಮಕ್ಕಳ ಮೂಗಿನ ಪಕ್ಕ ಕೆಂಪು ಬಣ್ಣ ಹಚ್ಚಿ, ಕನ್ನಡಿ ತೋರಿಸಿ ಪರೀಕ್ಷೆ ಮಾಡಿದ್ದರು. ಮನೆಯಲ್ಲೂ ಮಾಡಬಹುದು.

ಮೊದಲು ಸುಮ್ನೆ ಕನ್ನಡಿ ಮುಂದೆ ಬಿಡಿ. ಮಗು ಮೂಗು ಮುಟ್ಟಿಕೊಳ್ಳುತ್ತದಾ ನೋಡಿಕೊಳ್ಳಿ. ಆಮೇಲೆ ಸೆರಗಿನಿಂದ ಮುಖ ಒರೆಸುವ ನೆಪದಲ್ಲಿ ಮೂಗಿಗೆ ಬಣ್ಣ ಹಚ್ಚಿ. ಹಣೆಗೆ ಬೇಡ. ನಮ್ಮ ಮಕ್ಕಳಿಗೆ ಅಲ್ಲಿ ದಿನಾ ಬೊಟ್ಟು ಇರುತ್ತದಲ್ವಾ! ಬೀಟ್‌ರೂಟ್ ರಸವೂ ಆಗದು, ತಣ್ಣಗೆ ತಾಕಿ ಗೊತ್ತಾಗಿಬಿಡುತ್ತದೆ. ನಾನು ಸೊಸೆಯ ಲಿಪ್‌ಸ್ಟಿಕ್ ಒಂದು ಚುಕ್ಕೆ ಹಚ್ಚಿದೆ.

ಒಂದೆರಡು ನಿಮಿಷ ಬಿಟ್ಟು ಮತ್ತೆ ಕನ್ನಡಿ ಮುಂದೆ ಕರೆತನ್ನಿ. "ಮೂಗೆಲ್ಲಿ?" ಅಂತ ಮಾತ್ರ ಕೇಳಬೇಡಿ. ಆ ಆಟ ಮಕ್ಕಳಿಗೆ ಬಾಯಿಪಾಠ. ಕೈ ಕನ್ನಡಿಯ ಮೇಲಿನ ಚುಕ್ಕೆಗೆ ಹೋದರೆ ಇನ್ನೂ ಸಮಯ ಇದೆ. ತನ್ನ ಮೂಗಿಗೇ ಹೋದರೆ ಗೊತ್ತಾಗಿದೆ ಅಂತ.

ಹದಿನಾರನೇ ತಿಂಗಳಲ್ಲಿ ನಮ್ಮವನು ಮೂಗು ಉಜ್ಜಿಕೊಂಡ. ನಾನು ಬೀಗರಿಗೆಲ್ಲ ಫೋನ್ ಮಾಡಿ ಹೇಳಿಬಿಟ್ಟೆ. ಅವನಿಗೆ ಅವತ್ತು ನೆಗಡಿ! ಬಣ್ಣ ಹಚ್ಚುವ ಮೊದಲೇ ಮೂಗು ಮುಟ್ಟಿಕೊಳ್ಳುತ್ತಾನಾ ಅಂತ ನೋಡದೆ ಬಿಟ್ಟಿದ್ದರ ಫಲ. ನೆಗಡಿ ಇದ್ದಾಗ ಮಾಡಲೇಬೇಡಿ.

ಸಾಮಾನ್ಯವಾಗಿ 18ರಿಂದ 24 ತಿಂಗಳ ನಡುವೆ ಇದು ಬರುತ್ತದೆ. ಬರಲಿಲ್ಲ ಅಂತ ಗಾಬರಿ ಬೇಡ. ಕನ್ನಡಿಯ ರೂಢಿ ಇಲ್ಲದ ಮಕ್ಕಳು ಸುಮ್ಮನೆ ನಿಂತು ನೋಡುವುದೂ ಉಂಟು. ಮೂಗಿನ ಮೇಲೆ ಏನಿದ್ದರೂ ತಲೆ ಕೆಡಿಸಿಕೊಳ್ಳದ ಮಕ್ಕಳೂ ಇದ್ದಾರೆ.

ಇನ್ನೊಂದು ಆಟ. ಮಗುವನ್ನು ಟವೆಲ್ ಮೇಲೆ ನಿಲ್ಲಿಸಿ "ಟವೆಲ್ ಕೊಡು" ಅನ್ನಿ. ಚಿಕ್ಕವರು ಅದರ ಮೇಲೇ ನಿಂತು ಎಳೆಯುತ್ತಾರೆ. ತನ್ನ ಮೈಯೇ ಅಡ್ಡ ಅಂತ ಹೊಳೆದವರು ಪಕ್ಕಕ್ಕೆ ಸರಿಯುತ್ತಾರೆ.

ಮಾತಿನ ಕಡೆಗೂ ಕಿವಿ ಇರಲಿ. ನಾವು "ಪುಟ್ಟಂಗೆ ಹಾಲು ಬೇಕಾ?" ಅಂತ ಕೇಳಿ ಕೇಳಿ, ಅವನೂ "ಪುಟ್ಟಂಗೆ" ಅಂತಲೇ ಅನ್ನುತ್ತಿದ್ದ. ಇಪ್ಪತ್ತೊಂದನೇ ತಿಂಗಳಲ್ಲಿ ಕನ್ನಡಿ ನೋಡಿ, ನಗು ನಿಲ್ಲಿಸಿ, ಮೂಗಿನ ಚುಕ್ಕೆ ಒರೆಸಿಕೊಂಡ. ಬೆರಳು ನೋಡಿಕೊಂಡ. ಆಮೇಲೆ ಲಿಪ್‌ಸ್ಟಿಕ್ ಕಡೆ ಕೈ ಚಾಚಿ, "ನಂದು" ಅಂದ.