ಅಳಿಸಿದರೂ ಮತ್ತೆ ಉರಿಯುವ ಇಂಜಿನ್ ಲೈಟ್: ಹಳೆಯ ಡೀಸೆಲ್ ಗಾಡಿಯಲ್ಲಿ ಕಾರಣ ಹುಡುಕುವ ಕ್ರಮ

ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಕೆಂಪುಕಲ್ಲು, ಹೊಯ್ಗೆ, ಅಡಿಕೆ ಸಾಗಿಸುವ ಹಳೆಯ ಪಿಕಪ್ ಮತ್ತು ಲಾರಿಗಳ ಮಾಲಕರದ್ದು ಒಂದೇ ದೂರು. ಇಂಜಿನ್ ಲೈಟ್ ಉರಿಯುತ್ತದೆ, ಸ್ಕ್ಯಾನ್ ಮಾಡಿಸಿ ಅಳಿಸಿದರೆ ಆರುತ್ತದೆ, ಒಂದೆರಡು ಬಾಡಿಗೆ ಮುಗಿಯುವುದರೊಳಗೆ ಮತ್ತೆ ಉರಿಯುತ್ತದೆ. ನಡುವೆ ಒಂದೋ ಎರಡೋ ಸೆನ್ಸರ್ ಬದಲಾಗಿರುತ್ತವೆ, ದುಡ್ಡೂ ಹೋಗಿರುತ್ತದೆ. ಈ ಖರ್ಚಿನಲ್ಲಿ ಬಹುಪಾಲು ತಪ್ಪಿಸಬಹುದಾದದ್ದು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಬರುವುದಕ್ಕೆ ಮೊದಲಿನ ಕಾಮನ್ ರೈಲ್ ಇಂಜಿನ್‌ಗಳನ್ನು (ರೈಲ್ ಎಂಬ ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರ್‌ಗಳಿಗೂ ಭಾರೀ ಒತ್ತಡದ ಡೀಸೆಲ್ ಹಂಚುವಂಥವು) ಮನಸ್ಸಿನಲ್ಲಿಟ್ಟು ಈ ಕ್ರಮ ಬರೆದಿದ್ದೇನೆ.

ನಿಲ್ಲಿಸಬೇಕೇ, ಓಡಿಸಬಹುದೇ?

ಇಂಜಿನ್ ಲೈಟಿನ ಜೊತೆ ಆಯಿಲ್ ಲೈಟೂ ಉರಿದರೆ, ಬಿಸಿಯ ಮುಳ್ಳು ಕೆಂಪಿಗೆ ಏರಿದರೆ, ಅಥವಾ ಇಂಜಿನ್ ಬಡಿಯುವ ಸದ್ದು ಬಂದರೆ ಅಲ್ಲಿಯೇ ಬದಿಗೆ ಹಾಕಿ ಬಂದ್ ಮಾಡಿ. ಎಳೆತ ಮಾತ್ರ ಕಡಿಮೆಯಾಗಿದ್ದರೆ ಸಾಮಾನ್ಯವಾಗಿ ಇಂಜಿನ್ ನಡೆಸುವ ಕಂಪ್ಯೂಟರ್ ತಾನಾಗಿ ಶಕ್ತಿ ಇಳಿಸಿರುತ್ತದೆ. ಲೋಡ್ ಇಳಿಸಿ ನಿಧಾನವಾಗಿ ವರ್ಕ್‌ಶಾಪಿಗೆ ತಲುಪಬಹುದು.

ಅಳಿಸುವ ಮೊದಲು ಬರೆದುಕೊಳ್ಳಿ

ಬ್ಯಾಟರಿ ಟರ್ಮಿನಲ್ ಬಿಚ್ಚಿ ಲೈಟ್ ಆರಿಸುವ ಅಭ್ಯಾಸ ಬಿಡಿ. ಅದರಿಂದ ಕೋಡ್ (ಕಂಪ್ಯೂಟರ್ ದಾಖಲಿಸಿದ ದೋಷದ ಸಂಖ್ಯೆ) ಜೊತೆಗೆ ಫ್ರೀಜ್ ಫ್ರೇಮ್ ಕೂಡ ಅಳಿಸಿಹೋಗಬಹುದು. ತೊಂದರೆ ಕಂಡ ಕ್ಷಣದಲ್ಲಿ ಇಂಜಿನ್ ಎಷ್ಟು ಸುತ್ತು ತಿರುಗುತ್ತಿತ್ತು, ಎಷ್ಟು ಬಿಸಿಯಿತ್ತು, ಎಷ್ಟು ಭಾರ ಎಳೆಯುತ್ತಿತ್ತು ಎಂಬ ದಾಖಲೆ ಅದು. ಎಲ್ಲವನ್ನೂ ಒಂದು ಕಾಗದದಲ್ಲಿ ಬರೆದಿಡಿ. ಇನ್ನೊಂದು ಎಚ್ಚರಿಕೆ: ದೊಡ್ಡ ಲಾರಿಗಳದ್ದು 24 ವೋಲ್ಟ್. 12 ವೋಲ್ಟಿಗೆ ಮಾತ್ರ ಮಾಡಿದ ಅಗ್ಗದ ಕೋಡ್ ರೀಡರ್ ಅಲ್ಲಿ ಸುಟ್ಟುಹೋಗಬಹುದು.

ಕೋಡ್ ಹೇಳುವುದು ಎಲ್ಲಿ ಹುಡುಕಬೇಕು ಎಂಬುದನ್ನು ಮಾತ್ರ

ಎಡವುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಪಿ0118 ಎಂಬ ಕೋಡ್ ತೆಗೆದುಕೊಳ್ಳಿ. ಕೂಲಂಟ್ ಬಿಸಿ ಅಳೆಯುವ ಸೆನ್ಸರಿನ ಸಿಗ್ನಲ್ ವೋಲ್ಟೇಜ್ ಮಿತಿಮೀರಿ ಹೆಚ್ಚಿದೆ ಎಂದಷ್ಟೇ ಅದರ ಅರ್ಥ. ಸೆನ್ಸರ್ ಹಾಳಾದರೂ ಅದೇ ಕೋಡ್, ವಯರ್ ತುಂಡಾದರೂ ಅದೇ ಕೋಡ್, ಕನೆಕ್ಟರ್ ಸಡಿಲವಾದರೂ ಅದೇ ಕೋಡ್. ಕಂಪ್ಯೂಟರ್ ಕಳಿಸುವ 5 ವೋಲ್ಟ್ ಸರ್ಕ್ಯೂಟ್ ಮುಗಿಸದೆ ಹಾಗೆಯೇ ನಿಂತರೆ, ಇಂಜಿನ್ ಸೊನ್ನೆಗಿಂತ 40 ಡಿಗ್ರಿ ಕೆಳಗಿದೆ ಎಂದು ಅದು ಲೆಕ್ಕ ಹಾಕುತ್ತದೆ. ಕುಂಬಳೆಯ ಏಪ್ರಿಲ್ ಬಿಸಿಲಿನಲ್ಲಿ ಸ್ಕ್ಯಾನರ್ ಮೈನಸ್ 40 ತೋರಿಸಿದರೆ ಕಾರಣ ಇದೇ.

ಪರೀಕ್ಷೆ ಸುಲಭ. ಎರಡೇ ವಯರ್ ಇರುವ ಬಿಸಿ ಸೆನ್ಸರಿನ ಕನೆಕ್ಟರ್ ಬಿಚ್ಚಿ, ಕೀ ಆನ್ ಮಾಡಿ, ಕನೆಕ್ಟರಿನ ಎರಡು ತುದಿಗಳನ್ನು ತೆಳು ವಯರ್‌ನಿಂದ ಒಂದು ಕ್ಷಣ ಜೋಡಿಸಿ. ಸ್ಕ್ಯಾನರಿನಲ್ಲಿ ಬಿಸಿ ಥಟ್ಟನೆ ಮೇಲಿನ ಮಿತಿಗೆ ಹಾರಿದರೆ ವಯರ್ ಸರಿ, ಸೆನ್ಸರ್ ಬದಲಿಸಿ. ಅಲುಗದಿದ್ದರೆ ಹೊಸ ಸೆನ್ಸರ್ ಹಾಕಿ ಪ್ರಯೋಜನವಿಲ್ಲ, ವಯರ್ ಹಿಡಿದು ಹೋಗಿ. ಮೂರು ವಯರ್ ಇರುವ ಸೆನ್ಸರಿಗೆ ಹೀಗೆ ಮಾಡಲೇಬೇಡಿ.

ಬ್ಯಾಟರಿ, ಅರ್ಥಿಂಗ್, ಕನೆಕ್ಟರ್

ಪರಸ್ಪರ ಸಂಬಂಧವೇ ಇಲ್ಲದ ನಾಲ್ಕೈದು ಕೋಡ್ ಒಟ್ಟಿಗೆ ಬಂದರೆ ಕರೆಂಟಿನ ಮೇಲೆ ಸಂಶಯಪಡಿ. ನಿಂತ ಗಾಡಿಯಲ್ಲಿ ಬ್ಯಾಟರಿ 12.6 ವೋಲ್ಟ್, ಇಂಜಿನ್ ಓಡುವಾಗ 13.8ರಿಂದ 14.5 ಇರಬೇಕು. 24 ವೋಲ್ಟಿನ ಲಾರಿಗೆ ಇದರ ಇಮ್ಮಡಿ. ಬಳಿಕ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಇಂಜಿನ್ನಿನ ಲೋಹಕ್ಕೆ ತಾಗಿಸಿ ಸ್ಟಾರ್ಟ್ ಹೊಡೆಸಿ. ಅರ್ಧ ವೋಲ್ಟ್ ದಾಟಿದರೆ ಅರ್ಥಿಂಗ್ ಪಟ್ಟಿ ತುಕ್ಕು ಹಿಡಿದಿದೆ. ಬಿಚ್ಚಿ, ಉಜ್ಜಿ, ಬಿಗಿಯಿರಿ.

ನಮ್ಮ ಕರಾವಳಿಯ ಗಾಡಿಗಳಲ್ಲಿ ನಾನು ಮೊದಲು ನೋಡುವುದು ಕನೆಕ್ಟರ್‌ಗಳನ್ನು. ಕಡಲಿನ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಅದರ ಮೇಲೆ ಕಲ್ಲುಕೋರೆಯ ಕೆಂಪು ಹುಡಿ ಸೇರಿದರೆ ಪಿನ್ನುಗಳು ಹಸಿರು ಹಿಡಿಯುತ್ತವೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ. ಇಂಜಿನ್ ಐಡ್ಲಿಂಗ್‌ನಲ್ಲಿಟ್ಟು, ಸ್ಕ್ಯಾನರಿನ ಅಂಕಿ ನೋಡುತ್ತಾ, ವಯರಿನ ಕಟ್ಟನ್ನು ಒಂದೊಂದೇ ಕಡೆ ಅಲುಗಿಸಿ. ಬೆಲ್ಟ್ ಮತ್ತು ಫ್ಯಾನಿನಿಂದ ಕೈ ದೂರವಿರಲಿ. ಅಂಕಿ ಎಲ್ಲಿ ಹಾರಿತೋ ತೊಂದರೆ ಅಲ್ಲಿಯೇ ಇದೆ. ಅಡಿಕೆ ಕೊಟ್ಟಿಗೆಯ ಬದಿ ನಿಲ್ಲಿಸುವ ಗಾಡಿಯಾದರೆ ಇಲಿ ಕಡಿದ ಗುರುತನ್ನೂ ಹುಡುಕಿ.

ಗಾಳಿ ಮತ್ತು ಡೀಸೆಲ್

ಪಿ0299 ಎಂದರೆ ಟರ್ಬೊ ಒತ್ತಡ ಸಾಲುತ್ತಿಲ್ಲ. ಟರ್ಬೊ ಬಿಚ್ಚುವ ಮಾತು ಆಮೇಲೆ. ಮೊದಲು ಏರ್ ಫಿಲ್ಟರ್ ತೆಗೆದು ನೋಡಿ, ಕೋರೆಗೆ ಹೋಗುವ ಗಾಡಿಯಲ್ಲಿ ಅದು ಬೇಗ ಕಟ್ಟಿಕೊಳ್ಳುತ್ತದೆ. ಬಳಿಕ ಟರ್ಬೊದ ಗಾಳಿ ತಣಿಸುವ ಇಂಟರ್‌ಕೂಲರಿನ ಹೋಸ್‌ಗಳನ್ನು ಕೈಯಾಡಿಸಿ ನೋಡಿ. ಬಿರುಕು ಬಿಟ್ಟ ಕಡೆ ಎಣ್ಣೆಯ ಜಿಡ್ಡು ಇರುತ್ತದೆ, ಚಡಾವಿನಲ್ಲಿ ಸುಯ್ ಎನ್ನುವ ಸದ್ದೂ ಕಪ್ಪು ಹೊಗೆಯೂ ಬರುತ್ತದೆ.

ಪಿ0401 ಬಂದರೆ ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವಿನಲ್ಲಿ ಮಸಿ ತುಂಬಿರುವ ಸಾಧ್ಯತೆ ಹೆಚ್ಚು, ಬಿಚ್ಚಿ ತೊಳೆಯಿರಿ. ಪಿ0380 ತಣ್ಣಗಿನ ಇಂಜಿನ್ ಸ್ಟಾರ್ಟ್ ಆಗಲು ಬಿಸಿ ಕೊಡುವ ಗ್ಲೋ ಪ್ಲಗ್ಗಿನದ್ದು. ನಮ್ಮ ಹವೆಯಲ್ಲಿ ಗಾಡಿ ಅದಿಲ್ಲದೆಯೂ ಸ್ಟಾರ್ಟ್ ಆಗುವುದರಿಂದ ಚಾಲಕನಿಗೆ ಬೇರೆ ಏನೂ ಗೊತ್ತಾಗದೆ ಲೈಟ್ ಮಾತ್ರ ಉರಿಯುತ್ತಿರುತ್ತದೆ.

ಪಿ0087 ಗಂಭೀರ. ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ರೈಲ್ ಕೊಳವೆಯಲ್ಲಿ ಒತ್ತಡ ಸಾಲುತ್ತಿಲ್ಲ ಎಂದರ್ಥ. ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ ನೀರು ಇಳಿಸಿ, ಫಿಲ್ಟರ್ ಹಳೆಯದಾದರೆ ಬದಲಿಸಿ, ಟ್ಯಾಂಕಿನಿಂದ ಪಂಪಿಗೆ ಬರುವ ಪೈಪಿನಲ್ಲಿ ಗಾಳಿ ಎಳೆಯುತ್ತಿದೆಯೇ ನೋಡಿ. ಇಂಜಿನ್ ಓಡುವಾಗ ಹೈಪ್ರೆಶರ್ ಪೈಪಿನ ಸೋರಿಕೆಯನ್ನು ಕೈಯಿಂದ ಮುಟ್ಟಿ ಹುಡುಕಬೇಡಿ. ಭಾರ ಎಳೆಯುವಾಗ ಅಲ್ಲಿ 1,000 ಬಾರ್ ದಾಟಿದ ಒತ್ತಡವಿರುತ್ತದೆ. ಆ ಡೀಸೆಲ್ ಚರ್ಮ ತೂರಿ ಒಳಹೋದರೆ, ಗಾಯ ಸೂಜಿಮೊನೆಯಷ್ಟೇ ಕಂಡರೂ, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಬೆರಳು ಕತ್ತರಿಸಬೇಕಾಗಿ ಬರುವಷ್ಟು ಅಪಾಯ ಅದು.

ಅಳಿಸಿದ ಮೇಲೆ

ದುರಸ್ತಿ ಮುಗಿದ ಮೇಲೆಯೇ ಕೋಡ್ ಅಳಿಸಿ. ಚೆರ್ಕಳ–ಜಾಲ್ಸೂರು ರಸ್ತೆಯಂಥ ಏರಿಳಿತದಲ್ಲಿ, ಫ್ರೀಜ್ ಫ್ರೇಮ್‌ನಲ್ಲಿದ್ದಷ್ಟೇ ಭಾರ ಹೇರಿ ಓಡಿಸಿ ನೋಡಿ. ಖಾಲಿ ಗಾಡಿಯಲ್ಲಿ ಪೇಟೆ ಸುತ್ತಿದರೆ ಟರ್ಬೊ, ಡೀಸೆಲ್ ಒತ್ತಡದ ತೊಂದರೆ ಹೊರಬರುವುದಿಲ್ಲ. ಆಗಲೂ ಪಿ0087 ಮರಳಿದರೆ ಇಂಜೆಕ್ಟರಿನ ರಿಟರ್ನ್ ಪರೀಕ್ಷೆ ಮಾಡಿಸಿ. ಪ್ರತಿ ಇಂಜೆಕ್ಟರಿನ ರಿಟರ್ನ್ ಪೈಪಿಗೆ ಒಂದೇ ಅಳತೆಯ ಬಾಟಲಿ ಕಟ್ಟಿ ಇಂಜಿನ್ ಓಡಿಸಿದಾಗ ಯಾವುದರಲ್ಲಿ ಉಳಿದವುಗಳಿಗಿಂತ ತುಂಬಾ ಹೆಚ್ಚು ಡೀಸೆಲ್ ಬೀಳುತ್ತದೋ ಆ ಇಂಜೆಕ್ಟರ್ ಸವೆದಿದೆ. ಎಲ್ಲ ಬಾಟಲಿಗಳೂ ಸಮವಾಗಿ, ಕಡಿಮೆ ತುಂಬಿದ್ದರೆ ಪಂಪನ್ನೂ ಒತ್ತಡ ನಿಯಂತ್ರಿಸುವ ವಾಲ್ವನ್ನೂ ಡೀಸೆಲ್ ಪಂಪ್ ರಿಪೇರಿಯವರಲ್ಲಿ ಪರೀಕ್ಷಿಸಬೇಕು. ಹೋಗುವಾಗ ನೀವು ಬರೆದಿಟ್ಟ ಕಾಗದವನ್ನು ಅವರ ಕೈಗೆ ಕೊಡಿ.